ಕಾಲುವೆ ಕಾಯುವವನ ಮನೆಗೆ ಕಮಾನಿನ ಮಾಡು

ಇಂಗ್ಲೆಂಡಿನ ವಾರ್ವಿಕ್‌ಶೈರ್‌ನಲ್ಲಿ ಲೋಸನ್‌ಫರ್ಡ್ ಎಂಬ ಸಣ್ಣ ಹಳ್ಳಿಯಿದೆ. ಅದರ ಬದಿಯಲ್ಲಿ ಹಾದುಹೋಗುವ ಸ್ಟ್ರ್ಯಾಟ್‌ಫರ್ಡ್ ಕಾಲುವೆಯ ದಂಡೆಯಲ್ಲಿ ಒಂದು ವಿಚಿತ್ರ ಮನೆ ಇದೆ. ಇಟ್ಟಿಗೆಯ ಒಂದೇ ಅಂತಸ್ತು, ಬೆರಳೆಣಿಕೆಯ ಕೋಣೆಗಳು, ಗಿಡ್ಡ ಗೋಡೆಗಳು. ವಿಚಿತ್ರವಿರುವುದು ಮಾಡಿನಲ್ಲಿ. ಆ ನಾಡಿನ ಹಳ್ಳಿ ಮನೆಗಳಿಗೆಲ್ಲ ಎರಡು ಕಡೆಗೆ ಇಳಿಯುವ ಇಳಿಜಾರು ಮಾಡು ಇದ್ದರೆ, ಇದಕ್ಕೆ ಮಾತ್ರ ಒಂದು ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂತಹ ಕಮಾನಿನ ಮಾಡು. ಕಾಲುವೆಯ ಇದೇ ಭಾಗದಲ್ಲಿ ಇಂತಹ ಇನ್ನೂ ಕೆಲವು ಮನೆಗಳಿವೆ. ಬ್ರಿಟನ್ನಿನ ಬೇರೆ ಕಾಲುವೆಗಳ ದಂಡೆಯಲ್ಲಿ ಈ ಮಾದರಿ ಕಾಣಸಿಗುವುದಿಲ್ಲ.

ಕಟ್ಟಡ ಕಲೆಯ ಬಗ್ಗೆ ಬರೆಯುವಾಗ ನಾವು ಸಾಮಾನ್ಯವಾಗಿ ಅರಮನೆ, ಗುಮ್ಮಟ, ಮಸೀದಿ, ದೇವಾಲಯಗಳ ಕಡೆಗೇ ನೋಡುತ್ತೇವೆ. ಕೂಲಿಯವನ ಮನೆಗೆ ವಾಸ್ತುಶಿಲ್ಪ ಎಂಬ ದೊಡ್ಡ ಹೆಸರು ಸಲ್ಲುವುದಿಲ್ಲ ಎಂಬುದು ನಮ್ಮಲ್ಲಿ ಬೇರೂರಿರುವ ಭಾವನೆ. ಹಾಗಾಗಿ ಇಂತಹ ಮನೆಯೊಂದು ಎರಡು ಶತಮಾನ ದಾಟಿ ಉಳಿದರೂ ಅದರ ಸುತ್ತ ಹುಟ್ಟುವ ಮಾತು ಮೆಚ್ಚುಗೆಗಿಂತ ಕುತೂಹಲದ್ದಾಗಿರುತ್ತದೆ. ಲೋಸನ್‌ಫರ್ಡ್ ಮನೆಯ ವಿಷಯದಲ್ಲಿಯೂ ಹಾಗೇ ಆಗಿದೆ. ಅದರ ಬಗ್ಗೆ ಎಲ್ಲ ಕಡೆ ಹೇಳಲಾಗುವ ಒಂದು ಕಥೆಯನ್ನು ಪರೀಕ್ಷಿಸಿ ನೋಡಬೇಕೆಂಬುದು ಈ ಬರಹದ ಉದ್ದೇಶ.

ಹಣವಿಲ್ಲದ ಕಾಲುವೆ

ಮೊದಲು ಕಾಲುವೆಯ ಚರಿತ್ರೆಯನ್ನು ಸ್ವಲ್ಪ ತಿಳಿಯೋಣ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಕಾಲುವೆ ತೋಡುವುದೆಂದರೆ ಒಂದು ಜ್ವರ. ರೈಲು ಇನ್ನೂ ಬಂದಿರಲಿಲ್ಲ. ರಸ್ತೆಗಳು ಮಳೆಗಾಲದಲ್ಲಿ ಕೆಸರು. ಕಲ್ಲಿದ್ದಲು, ಸುಣ್ಣ, ಧಾನ್ಯಗಳಂತಹ ಭಾರದ ಸರಕನ್ನು ಸಾಗಿಸಲು ನೀರಿನ ದಾರಿಯೇ ಅಗ್ಗ. ದಂಡೆಯ ಮೇಲೆ ನಡೆಯುವ ಒಂದು ಕುದುರೆ ಹತ್ತಾರು ಟನ್ ತುಂಬಿದ ದೋಣಿಯನ್ನು ಎಳೆಯಬಲ್ಲದು. ನಮ್ಮಲ್ಲಿ ಕಾಲುವೆ ಎಂದಾಕ್ಷಣ ಗದ್ದೆಗೆ ಹೋಗುವ ನೀರು ನೆನಪಾಗುತ್ತದೆ. ಅಲ್ಲಿ ಕಾಲುವೆ ಎಂದರೆ ಸರಕಿನ ಹೆದ್ದಾರಿ.

ಬರ್ಮಿಂಗ್‌ಹ್ಯಾಮ್‌ನ ದಕ್ಷಿಣದ ಕಿಂಗ್ಸ್ ನಾರ್ಟನ್‌ನಿಂದ ಏವನ್ ನದಿಯ ಮೇಲಿನ ಸ್ಟ್ರ್ಯಾಟ್‌ಫರ್ಡ್ ಪಟ್ಟಣದವರೆಗೆ ಕಾಲುವೆ ತೋಡಲು ಬ್ರಿಟಿಷ್ ಸಂಸತ್ತು 1793ರಲ್ಲಿ ಅನುಮತಿ ನೀಡಿತು. ಉದ್ದ ಸುಮಾರು 41 ಕಿಲೋಮೀಟರ್. ನೆಲದ ಏರಿಳಿತವನ್ನು ದಾಟಲು 50ಕ್ಕೂ ಹೆಚ್ಚು ಲಾಕ್‌ಗಳು. ಲಾಕ್ ಎಂದರೆ ನೀರಿನ ಮೆಟ್ಟಿಲು. ಎರಡು ಬಾಗಿಲುಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರನ್ನು ತುಂಬಿಸಿ ಅಥವಾ ಖಾಲಿ ಮಾಡಿ, ದೋಣಿಯನ್ನು ಮೇಲಕ್ಕೋ ಕೆಳಕ್ಕೋ ತರುವ ಉಪಾಯ. ಕಾಲುವೆ 1796ರಲ್ಲಿ ಹಾಕ್ಲಿ ಹೀತ್ ಮುಟ್ಟುವಷ್ಟರಲ್ಲಿ ಕಂಪೆನಿಯ ಹಣ ಮುಗಿದುಹೋಗಿತ್ತು. ಹೊಸದಾಗಿ ಬಂಡವಾಳ ಎತ್ತಿ 1802ರಲ್ಲಿ ಕಿಂಗ್ಸ್‌ವುಡ್ ಬಳಿ ಇನ್ನೊಂದು ಕಾಲುವೆಯನ್ನು ಕೂಡಿಕೊಂಡದ್ದಾಯಿತು. ಅಲ್ಲಿಗೆ ಕೆಲಸ ನಿಂತಿತು. ಮುಂದಿನ ಹತ್ತು ವರ್ಷ ಸ್ಟ್ರ್ಯಾಟ್‌ಫರ್ಡಿನ ಕಡೆಗೆ ಗುದ್ದಲಿ ಬೀಳಲಿಲ್ಲ.

ಮತ್ತೆ ಕೆಲಸ ಶುರುವಾದದ್ದು 1812ರಲ್ಲಿ. ಕಂಪೆನಿಯ ಷೇರುಗಳನ್ನು ಕೊಂಡು ಅದನ್ನು ಮುಂದಕ್ಕೆ ತಳ್ಳಿದವನು ವಿಲಿಯಂ ಜೇಮ್ಸ್. ಎಂಜಿನಿಯರ್ ವಿಲಿಯಂ ವಿಟ್‌ಮೋರ್. 1816ರಲ್ಲಿ ನೀರು ಸ್ಟ್ರ್ಯಾಟ್‌ಫರ್ಡ್ ತಲುಪಿತು. ಪೀಪಾಯಿ ಮಾಡಿನ ಮನೆಗಳೆಲ್ಲ ಎದ್ದು ನಿಂತದ್ದು ಈ ನಾಲ್ಕು ವರ್ಷಗಳಲ್ಲಿ, ಈ ದಕ್ಷಿಣ ಭಾಗದಲ್ಲಿ ಮಾತ್ರ. ಅದೇ ಕಂಪೆನಿ ಮೊದಲು ತೋಡಿದ ಉತ್ತರ ಭಾಗದಲ್ಲಿ ಅವು ಇಲ್ಲ. ಈ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ನಮಗೆ ಬೇಕಾಗುತ್ತದೆ.

ದಕ್ಷಿಣ ಭಾಗದಲ್ಲಿ ಎಲ್ಲೆಲ್ಲೂ ಕಾಣುವುದು ಮಿತವ್ಯಯದ ಬುದ್ಧಿ. ಸೇತುವೆಗಳನ್ನೇ ನೋಡಿ. ಸಾಮಾನ್ಯವಾಗಿ ಕುದುರೆ ನಡೆಯುವ ದಾರಿ ಸೇತುವೆಯ ಕೆಳಗೂ ಮುಂದುವರಿಯುತ್ತದೆ, ಅದಕ್ಕಾಗಿ ಸೇತುವೆಯನ್ನು ಅಗಲವಾಗಿ ಕಟ್ಟಬೇಕಾಗುತ್ತದೆ. ಇಲ್ಲಿ ಹಾಗೆ ಮಾಡಲಿಲ್ಲ. ಎರಡೂ ದಡಗಳಿಂದ ಕಬ್ಬಿಣದ ಅರ್ಧರ್ಧ ಸೇತುವೆಯನ್ನು ಚಾಚಿ, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟರು. ಕುದುರೆ ಹೊರಗಿನಿಂದ ಸುತ್ತಿ ಹೋಗುತ್ತದೆ. ಎಳೆಯುವ ಹಗ್ಗ ಆ ಸಂದಿನಲ್ಲಿ ಜಾರಿ ದಾಟುತ್ತದೆ. ಹಗ್ಗ ಬಿಚ್ಚುವ ಗೋಜಿಲ್ಲ, ದೊಡ್ಡ ಸೇತುವೆಯ ಖರ್ಚಿಲ್ಲ. ಕಣಿವೆ ದಾಟುವಲ್ಲಿ ಭಾರೀ ಕಲ್ಲಿನ ಕಟ್ಟಡದ ಬದಲು ಇಟ್ಟಿಗೆ ಕಂಬಗಳ ಮೇಲೆ ಕಬ್ಬಿಣದ ತೊಟ್ಟಿಯನ್ನು ಕೂರಿಸಿದರು. ಎಡ್‌ಸ್ಟನ್ ಎಂಬಲ್ಲಿರುವ ಅಂತಹ ತೊಟ್ಟಿ ಸುಮಾರು 145 ಮೀಟರ್ ಉದ್ದವಿದ್ದು, ಇಂಗ್ಲೆಂಡಿನಲ್ಲಿ ಈ ಬಗೆಯ ಜಲಸೇತುವೆಗಳಲ್ಲೇ ಉದ್ದವಾದುದು. ಮನೆಗಳೂ ಇದೇ ಕೈಗಳ, ಇದೇ ಲೆಕ್ಕಾಚಾರದ ಫಲ.

ಒಂದು ಕಥೆ ಮತ್ತು ಅದರ ಒಳಗಿನ ತಾತ್ಸಾರ

ಈಗ ಆ ಕಥೆಗೆ ಬರೋಣ. ಮನೆಗಳಿಗೆ ಇಂತಹ ಮಾಡು ಏಕೆ ಬಂತು ಎಂದು ಕೇಳಿದರೆ ಸಿಗುವ ಉತ್ತರ ಹೀಗಿದೆ: ಕಾಲುವೆ ತೋಡಲು ಬಂದ ಕೂಲಿಯವರಿಗೆ ಸೇತುವೆ ಕಟ್ಟುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಮನೆ ಕಟ್ಟಿ ಎಂದಾಗ ಗೋಡೆ ಎಬ್ಬಿಸಿ ಅದರ ಮೇಲೂ ಒಂದು ಸೇತುವೆಯನ್ನೇ ಕಟ್ಟಿಬಿಟ್ಟರು. ಪ್ರವಾಸಿಗರಿಗೆ ಈ ಕಥೆ ಇಷ್ಟ. ದೋಣಿಯಲ್ಲಿ ಹೋಗುವವರು ನಗುತ್ತ ಹೇಳಿಕೊಳ್ಳುತ್ತಾರೆ. ಕೇಳಲು ಸೊಗಸಾಗಿಯೂ ಇದೆ.

ಆದರೆ ಸ್ವಲ್ಪ ಯೋಚಿಸಿ. ಮರದ ತೊಲೆ ಜೋಡಿಸಿ ಇಳಿಜಾರು ಮಾಡು ಹೊದಿಸುವ ಬಡಗಿ ಇಂಗ್ಲೆಂಡಿನ ಯಾವ ಹಳ್ಳಿಯಲ್ಲಿ ಇರಲಿಲ್ಲ? ಲಾಕಿನ ಭಾರೀ ಮರದ ಬಾಗಿಲುಗಳನ್ನು ನೀರು ಸೋರದಂತೆ ಜೋಡಿಸಿದವರು ಅದೇ ಕಾಲುವೆಯ ಬಡಗಿಗಳು. ಅವರಿಗೆ ಒಂದು ಸಾಮಾನ್ಯ ಮಾಡು ಹಾಕಲು ಬರುತ್ತಿರಲಿಲ್ಲ ಎಂದು ನಂಬುವುದು ಹೇಗೆ? ಇನ್ನು ಕಮಾನು ಕಟ್ಟುವುದು ಏನೂ ತಿಳಿಯದವರ ಕೆಲಸವೇ? ಮೊದಲು ಮರದ ಅಚ್ಚನ್ನು ನಿಲ್ಲಿಸಬೇಕು. ಅದರ ಮೇಲೆ ಎರಡೂ ಬದಿಯಿಂದ ಸಮನಾಗಿ ಇಟ್ಟಿಗೆ ಸಾಲುಗಳನ್ನು ಏರಿಸಬೇಕು. ಒಂದು ಬದಿ ಹೆಚ್ಚಾದರೆ ಅಚ್ಚು ವಾಲುತ್ತದೆ. ನೆತ್ತಿಯಲ್ಲಿ ಸಾಲು ಕೂಡಿದ ಮೇಲೂ ಸುಣ್ಣದ ಗಾರೆ ಬಿಗಿಯುವವರೆಗೆ ಕಾಯಬೇಕು. ಅಚ್ಚು ತೆಗೆದ ಕ್ಷಣದಿಂದ ಕಮಾನು ಗೋಡೆಗಳನ್ನು ಹೊರಕ್ಕೆ ತಳ್ಳಲಾರಂಭಿಸುತ್ತದೆ. ಅದನ್ನು ತಡೆಯಲು ಗೋಡೆ ಗಟ್ಟಿಯಾಗಿರಬೇಕು, ಇಲ್ಲವೇ ಎರಡು ಗೋಡೆಗಳನ್ನು ಕಬ್ಬಿಣದ ಸರಳಿನಿಂದ ಬಿಗಿಯಬೇಕು. ಹೊಗೆಗೂಡನ್ನು ಕಮಾನಿನ ಮೂಲಕ ಮೇಲೆತ್ತುವುದಂತೂ ಇನ್ನಷ್ಟು ನಾಜೂಕಿನ ಕೆಲಸ. ಇದೆಲ್ಲ ತಿಳಿದವರನ್ನು ‘ಬೇರೇನೂ ತಿಳಿಯದವರು’ ಎನ್ನುವುದು ನ್ಯಾಯವೇ?

ನಮಗೆ ಕಾಣುವ ಕಾರಣ ಬೇರೆ. 1812ರಿಂದ 1816 ಎಂದರೆ ನೆಪೋಲಿಯನ್ ಯುದ್ಧಗಳ ಕೊನೆಯ ಘಟ್ಟ. ಬ್ರಿಟನ್ನಿಗೆ ಮರ ಬರುತ್ತಿದ್ದುದು ಹೆಚ್ಚಾಗಿ ಬಾಲ್ಟಿಕ್ ಸಮುದ್ರದ ತೀರದ ದೇಶಗಳಿಂದ. ನೆಪೋಲಿಯನ್ ಹಾಕಿದ ವ್ಯಾಪಾರದ ದಿಗ್ಬಂಧನದಿಂದ ಆ ದಾರಿಗೆ ಅಡ್ಡಿಯಾಯಿತು. ಮೇಲಿಂದ ಬ್ರಿಟಿಷ್ ಸರಕಾರ ಆ ಮರದ ಮೇಲೆ ಸುಂಕವನ್ನೂ ಏರಿಸಿತು. ಮರ ದುಬಾರಿಯಾಯಿತು. ಇಟ್ಟಿಗೆಗೂ 1784ರಿಂದ ತೆರಿಗೆ ಇತ್ತು, ನಿಜ. ಆದರೆ ಲಾಕ್ ಮತ್ತು ಸೇತುವೆಗಳಿಗಾಗಿ ಇಟ್ಟಿಗೆಯನ್ನು ಹೇಗೂ ದಂಡೆಯ ಮೇಲೆ ರಾಶಿ ಹಾಕಲಾಗಿತ್ತು. ಇಟ್ಟಿಗೆ ಕೆಲಸದವರು ಸಂಬಳದ ಮೇಲೆ ಅಲ್ಲೇ ಇದ್ದರು. ಸೇತುವೆ ಕಟ್ಟಲು ಮಾಡಿದ ಅಚ್ಚನ್ನು ಮನೆಯ ಮೇಲೂ ಬಳಸಬಹುದಿತ್ತು. ಅಚ್ಚಿನ ಮರ ಒಮ್ಮೆ ಕೊಂಡರೆ ಹತ್ತು ಕಡೆಗಾಯಿತು, ತೊಲೆಯ ಮರವಾದರೆ ಒಂದೇ ಮನೆಗೆ. ಕೈಯಲ್ಲಿ ಕಾಸಿಲ್ಲದ ಕಂಪೆನಿಗೆ ಇದಕ್ಕಿಂತ ಸರಿಯಾದ ಲೆಕ್ಕ ಇನ್ನೊಂದಿಲ್ಲ. ಉತ್ತರ ಭಾಗದಲ್ಲಿ ಇಂತಹ ಮನೆಗಳಿಲ್ಲದಿರುವುದು ಕೂಡ ಈ ಮಾತಿಗೆ ಒತ್ತಾಸೆಯಾಗುತ್ತದೆ. ಅಲ್ಲಿಯೂ ಸೇತುವೆ ಕಟ್ಟಿದವರು ಕಾಲುವೆಯ ಕೆಲಸದವರೇ ತಾನೆ? ಸೇತುವೆ ಮಾತ್ರ ಗೊತ್ತಿದ್ದದ್ದೇ ಕಾರಣವಾಗಿದ್ದರೆ ಅಲ್ಲಿಯೂ ಪೀಪಾಯಿ ಮಾಡು ಬರಬೇಕಿತ್ತು. ಬದಲಾದದ್ದು ಕಾಲ ಮತ್ತು ಕೈಯಲ್ಲಿದ್ದ ಹಣ.

ಇದು ನಮ್ಮ ಊಹೆ, ದಾಖಲೆಯಲ್ಲ. ಆದರೆ ಮೊದಲಿನ ಕಥೆಯೂ ಊಹೆಯೇ. ಎರಡು ಊಹೆಗಳಲ್ಲಿ ಒಂದು ಕೆಲಸಗಾರನನ್ನು ಪೆದ್ದನನ್ನಾಗಿಸುತ್ತದೆ, ಇನ್ನೊಂದು ಅವನನ್ನು ಲೆಕ್ಕ ಬಲ್ಲವನನ್ನಾಗಿ ಕಾಣುತ್ತದೆ. ಮೊದಲನೆಯದೇ ಇಷ್ಟು ಕಾಲ ಏಕೆ ಚಲಾವಣೆಯಲ್ಲಿ ಉಳಿಯಿತು ಎಂಬುದು ಯೋಚಿಸಬೇಕಾದ ಪ್ರಶ್ನೆ.

ಮರವಿಲ್ಲದಲ್ಲಿ ಕಮಾನು

ಮರ ಸಿಗದಲ್ಲಿ ಕಮಾನು ಹುಟ್ಟುವುದು ಜಗತ್ತಿನ ಹಳೆಯ ರೂಢಿ. ಇರಾನ್, ಇರಾಕ್, ಈಜಿಪ್ಟಿನಂತಹ ಒಣ ನಾಡುಗಳಲ್ಲಿ ಸಾಮಾನ್ಯರ ಮನೆಗೂ ಮಣ್ಣಿನ ಇಟ್ಟಿಗೆಯ ಕಮಾನು ಮಾಡು ಹೊಸದಲ್ಲ. ಈಜಿಪ್ಟಿನ ಲಕ್ಸರ್ ಎದುರಿನ ರಮೇಸಿಯಂನಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದಿನ ಹಸಿ ಇಟ್ಟಿಗೆಯ ಉಗ್ರಾಣಗಳು ಇಂದಿಗೂ ಕಮಾನು ಸಹಿತ ನಿಂತಿವೆ. ನಾವು ಕನ್ನಡದಲ್ಲಿ ಬಳಸುವ ‘ಕಮಾನು’ ಎಂಬ ಪದವೇ ಪಾರಸಿಯದು, ಬಿಲ್ಲು ಎಂದು ಅದರ ಅರ್ಥ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿಯಲ್ಲಿ ತೆರೆದ ಅಂಗಳವೇ ಇಲ್ಲದಂತೆ ಗುಮ್ಮಟ ಮತ್ತು ಕಮಾನುಗಳಿಂದಲೇ ಪೂರ್ತಿ ಮಾಡು ಹೊದಿಸಿರುವುದನ್ನು ಬಹಳಷ್ಟು ಓದುಗರು ನೋಡಿರಬಹುದು.

ಈ ಸಂದರ್ಭದಲ್ಲಿ ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ ನೆನಪಾಗುತ್ತಾರೆ. 1900ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ ಅವರು ಬಡವರ ಮನೆಗಳ ಬಗ್ಗೆ ಜೀವನವಿಡೀ ಯೋಚಿಸಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮರ ಮತ್ತು ಉಕ್ಕಿನ ಪೂರೈಕೆ ನಿಂತಾಗ ಅವರು ಮಣ್ಣಿನ ಇಟ್ಟಿಗೆಯ ಕಮಾನು ಮಾಡಿನ ಪ್ರಯೋಗಕ್ಕಿಳಿದರು. ಮೊದಲ ಪ್ರಯತ್ನಗಳು ಕುಸಿದವು. ಅಸ್ವಾನ್ ಪ್ರದೇಶದ ನುಬಿಯಾ ಸಮುದಾಯದ ಗಾರೆಯವರು ಅಚ್ಚೇ ಇಲ್ಲದೆ, ಹಿಂಗೋಡೆಗೆ ಒರಗಿಸಿ ಓರೆಯಾಗಿ ಇಟ್ಟಿಗೆ ಜೋಡಿಸುತ್ತ ಕಮಾನು ಕಟ್ಟುವುದನ್ನು ಅವರು ನೋಡಿದರು. ಆ ಗಾರೆಯವರನ್ನೇ ಕರೆಸಿಕೊಂಡು ಅವರಿಂದ ಕಲಿತರು. ಲಕ್ಸರ್ ಬಳಿ 1940ರ ದಶಕದಲ್ಲಿ ನ್ಯೂ ಗುರ್ನಾ ಎಂಬ ಹಳ್ಳಿಯನ್ನು ಇದೇ ವಿದ್ಯೆಯಿಂದ ಕಟ್ಟಿಸಿದರು. ಅಲ್ಲಿಗೆ ಹೋಗಬೇಕಿದ್ದ ಹಳೆಯ ಗುರ್ನಾದ ಜನ ಬಹುಪಾಲು ಒಪ್ಪಲಿಲ್ಲ, ಹಳ್ಳಿ ಅರ್ಧಕ್ಕೇ ನಿಂತಿತು. ಆ ಸೋಲಿನ ವಿಮರ್ಶೆ ಬೇರೆಯೇ ವಿಷಯ. ನಾವು ಗಮನಿಸಬೇಕಾದದ್ದು ಫತ್ಹಿಯವರ ನೋಟವನ್ನು. ಯುದ್ಧ, ಮರದ ಅಭಾವ, ಕಮಾನಿನ ಮಾಡು: ಲೋಸನ್‌ಫರ್ಡಿನಲ್ಲಿಯೂ ಇದ್ದದ್ದು ಇವೇ. ಆದರೆ ಫತ್ಹಿ ಅಕ್ಷರ ಬಾರದ ಗಾರೆಯವನನ್ನು ಗುರು ಎಂದು ಕಂಡರು. ಇಂಗ್ಲೆಂಡಿನ ಕಥೆ ತನ್ನ ಗಾರೆಯವನನ್ನು ಹಾಸ್ಯದ ಪಾತ್ರ ಮಾಡಿತು.

ಮನೆಯೊಳಗಿನ ಬದುಕು

ಈ ಮನೆಗಳಲ್ಲಿ ವಾಸಿಸುತ್ತಿದ್ದವರು ಯಾರು? ಕೆಲವರು ಲಾಕ್ ನೋಡಿಕೊಳ್ಳುವವರು, ಇನ್ನು ಕೆಲವರು ‘ಲೆಂಗ್ತ್ಸ್‌ಮನ್’. ಕಾಲುವೆಯ ಇಷ್ಟು ಉದ್ದ ಇವನದು ಎಂದು ಗೊತ್ತುಮಾಡಿ ಕೊಟ್ಟ ಕೆಲಸಗಾರ. ತನ್ನ ಪಾಲಿನ ಉದ್ದದಲ್ಲಿ ದಂಡೆ ಸೋರುತ್ತಿದೆಯೇ, ಮಳೆ ಬಂದರೆ ನೀರು ಉಕ್ಕುತ್ತದೆಯೇ, ಬಾಗಿಲು ಸರಿಯಿದೆಯೇ, ಬೇಲಿ ಬೆಳೆದು ಕುದುರೆಯ ದಾರಿಗೆ ಅಡ್ಡಿಯಾಗಿದೆಯೇ ಎಂದು ನೋಡುತ್ತ ಇರಬೇಕು. ದಂಡೆಯಲ್ಲಿ ಒಂದು ಬಿಲ ಬಿದ್ದರೆ ಬೆಳಗಾಗುವಷ್ಟರಲ್ಲಿ ಕಾಲುವೆ ಖಾಲಿ, ಪಕ್ಕದ ಹೊಲ ಮುಳುಗಡೆ. ಆದ್ದರಿಂದ ಅವನಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ. ಮನೆಯನ್ನು ನೀರಿನ ಅಂಚಿಗೆ ಕಟ್ಟಿದ್ದು ನೋಟ ಚೆನ್ನಾಗಿದೆ ಎಂದಲ್ಲ, ಕೆಲಸಗಾರ ಕೆಲಸದಿಂದ ದೂರ ಹೋಗಬಾರದು ಎಂದು.

ನಮ್ಮ ಹಳೆ ಮೈಸೂರು ಸೀಮೆಯ ಕೆರೆಗಳ ನೀರುಗಂಟಿಯೂ ಇಂತಹವನೇ. ತೂಬು ಎತ್ತುವುದು, ಗದ್ದೆಯಿಂದ ಗದ್ದೆಗೆ ನೀರು ಹಂಚುವುದು, ಏರಿ ಬಿರುಕು ಬಿಟ್ಟರೆ ಊರಿಗೆ ತಿಳಿಸುವುದು ಅವನ ಹೊಣೆ. ಈ ಕೆಲಸ ಬಹುತೇಕ ದಲಿತ ಮನೆತನಗಳ ಪಾಲಿಗೆ ಬಂದಿತ್ತು. ಕೆರೆ ಕಟ್ಟಿಸಿದ ಅರಸರು, ಅಧಿಕಾರಿಗಳು, ದಾನಿಗಳ ಹೆಸರು ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ಕೆರೆಯನ್ನು ತಲೆಮಾರುಗಟ್ಟಲೆ ಕಾಯ್ದವನ ಸೂರು ಯಾವ ಪ್ರವಾಸಿ ಕೈಪಿಡಿಯಲ್ಲಿ ಸೇರಿದೆ? ಲೋಸನ್‌ಫರ್ಡಿನ ಮನೆ ನಮಗೆ ಮುಖ್ಯವೆನಿಸುವುದು ಇದಕ್ಕೇ. ಅಲ್ಲಿ ಕಾಯುವವನ ಸೂರು ಉಳಿದಿದೆ.

ಮುಳುಗಿ ಎದ್ದ ಕಾಲುವೆ

ಉಳಿದದ್ದು ಸುಲಭವಾಗಿ ಅಲ್ಲ. ಕಾಲುವೆಯನ್ನು ಪೂರ್ಣಗೊಳಿಸಿದ ವಿಲಿಯಂ ಜೇಮ್ಸ್ ಮುಂದೆ ಇಂಗ್ಲೆಂಡಿನ ರೈಲುಮಾರ್ಗದ ಮೊದಲ ಪ್ರತಿಪಾದಕರಲ್ಲಿ ಒಬ್ಬನಾದ. ಆ ರೈಲೇ ಕಾಲುವೆಯನ್ನು ನುಂಗಿತು. 1856ರಲ್ಲಿ ರೈಲು ಕಂಪೆನಿಯೊಂದು ಕಾಲುವೆಯನ್ನು ಕೊಂಡಿತು. ಪ್ರತಿಸ್ಪರ್ಧಿಯನ್ನು ಕೊಂಡವನು ಅದನ್ನು ಬೆಳೆಸುತ್ತಾನೆಯೇ? ಇಪ್ಪತ್ತನೇ ಶತಮಾನದ ನಡುವಿಗೆ ದಕ್ಷಿಣ ಭಾಗದಲ್ಲಿ ಹೂಳು, ಜೊಂಡು, ಮುರಿದ ಬಾಗಿಲುಗಳು. 1958ರಲ್ಲಿ ಸ್ಥಳೀಯ ಕೌಂಟಿ ಆಡಳಿತ ಕಾಲುವೆಯನ್ನು ಅಧಿಕೃತವಾಗಿ ಕೈಬಿಡಲು ಅನುಮತಿ ಕೇಳಿತು. ಹಾಗೆ ಕೈಬಿಡಬೇಕಾದರೆ ಹಿಂದಿನ ಮೂರು ವರ್ಷಗಳಲ್ಲಿ ಅದನ್ನು ಯಾರೂ ಬಳಸಿಲ್ಲವೆಂದು ತೋರಿಸಬೇಕಿತ್ತು. ಆಗ ಕಿರುದೋಣಿಯಲ್ಲಿ ಆ ದಾರಿಯಾಗಿ ಹೋದವರ ಬಳಿಯಿದ್ದ ಸುಂಕದ ಚೀಟಿ ಹೊರಬಂತು. ಅರ್ಜಿ ಬಿದ್ದುಹೋಯಿತು. ಒಂದು ಕಾಗದದ ಚೂರು ಕಾಲುವೆಯನ್ನು ಉಳಿಸಿತು ಎಂದರೆ ಅತಿಶಯೋಕ್ತಿಯಲ್ಲ.

1960ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ರಕ್ಷಣೆಯ ಸಂಸ್ಥೆ ದಕ್ಷಿಣ ಭಾಗವನ್ನು ಗುತ್ತಿಗೆಗೆ ಪಡೆಯಿತು. ಡೇವಿಡ್ ಹಚಿಂಗ್ಸ್ ಎಂಬವರ ಮುಂದಾಳತ್ವದಲ್ಲಿ ಸ್ವಯಂಸೇವಕರು, ಸೈನಿಕರು, ಬರ್ಮಿಂಗ್‌ಹ್ಯಾಮ್ ಜೈಲಿನ ಕೈದಿಗಳು ಕೆಸರಿಗಿಳಿದರು. 1964ರ ಜುಲೈಯಲ್ಲಿ ಕಾಲುವೆ ಮತ್ತೆ ತೆರೆಯಿತು. ಉದ್ಘಾಟನೆಗೆ ರಾಜಮಾತೆ ಬಂದರು. ಅಂದಿನ ಚರಿತ್ರೆಯಲ್ಲಿ ರಾಜಮಾತೆಗೆ ಹೆಸರಿದೆ, ಹಚಿಂಗ್ಸ್‌ಗೂ ಇದೆ. ಕೈದಿಗಳು ‘ಕೈದಿಗಳು’ ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತಾರೆ. 1812ರ ಕೂಲಿಯವರಿಗೂ 1960ರ ಕೈದಿಗಳಿಗೂ ಚರಿತ್ರೆ ಕೊಟ್ಟದ್ದು ಒಂದೇ ಸ್ಥಾನ.

ಉಳಿಸಿದ್ದು ಏನನ್ನು?

ಇಂದು ಲೋಸನ್‌ಫರ್ಡಿನ ಮನೆ ಲ್ಯಾಂಡ್‌ಮಾರ್ಕ್ ಟ್ರಸ್ಟಿನ ಕೈಯಲ್ಲಿದೆ. 1965ರಲ್ಲಿ ಹುಟ್ಟಿದ ಈ ಸಂಸ್ಥೆ ಪಾಳುಬೀಳುವ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ರಜೆಯ ವಾಸಕ್ಕೆ ಬಾಡಿಗೆಗೆ ಕೊಡುತ್ತದೆ. ಬಾಡಿಗೆಯ ಹಣ ಕಟ್ಟಡಗಳ ನಿರ್ವಹಣೆಗೆ. ಈ ಶತಮಾನದ ಆರಂಭದವರೆಗೂ ಕಾಲುವೆಯ ಕೆಲಸದ ಮನೆತನದವರು ಇಲ್ಲಿ ವಾಸವಿದ್ದರು. ಅವರನ್ನು ಒಕ್ಕಲೆಬ್ಬಿಸದೆ, ಅವರ ಕಾಲ ಮುಗಿದ ಮೇಲೆಯೇ ದುರಸ್ತಿಗೆ ಕೈಹಾಕಿದ್ದು ಸಂಸ್ಥೆಯ ದೊಡ್ಡತನ. ಇನ್ನೂ ಎರಡು ವಿಷಯಗಳಿಗಾಗಿ ನಾವು ಅದನ್ನು ಮೆಚ್ಚಬೇಕು. ಒಂದು, ಮನೆಯನ್ನು ಸಣ್ಣದಾಗಿಯೇ ಉಳಿಸಿದ್ದು. ಇದೇ ಕಾಲುವೆಯ ಬೇರೆ ಪೀಪಾಯಿ ಮನೆಗಳಿಗೆ ದೊಡ್ಡ ದೊಡ್ಡ ಕಟ್ಟಡಗಳನ್ನು ಅಂಟಿಸಿದ ಮೇಲೆ ಮೂಲ ಮನೆ ಹಿತ್ತಿಲ ಕೋಣೆಯಂತೆ ಕಾಣುವುದಿದೆ. ಕಮಾನಿನ ಮನೆಗೆ ಅದರ ಆಳತೆಯೇ ಜೀವ. ಅಗಲಿಸಿದರೆ ಕಮಾನು ಎತ್ತರವಾಗಬೇಕು, ಗೋಡೆ ದಪ್ಪವಾಗಬೇಕು, ಲೆಕ್ಕವೆಲ್ಲ ಬದಲಾಗಬೇಕು. ಎರಡು, ಮನೆಯ ಹೆಸರು. ‘ಲೆಂಗ್ತ್ಸ್‌ಮನ್ನನ ಮನೆ’ ಎಂದು ಕಸುಬಿನ ಹೆಸರನ್ನೇ ಇಟ್ಟಿದ್ದಾರೆ. ಕಟ್ಟಿಸಿದವನ ಹೆಸರಲ್ಲ, ಮಾಲೀಕನ ಹೆಸರಲ್ಲ.

ಮೆಚ್ಚುಗೆಯ ಜೊತೆಗೆ ಆಕ್ಷೇಪವೂ ಇದೆ. ಸಂಸಾರವೊಂದು ವರ್ಷವಿಡೀ ಇಕ್ಕಟ್ಟಿನಲ್ಲಿ ಬದುಕಿದ ಕೋಣೆಗಳು ವಾರದ ಕೊನೆಗೆ ಬರುವ ಅತಿಥಿಗೆ ಮುದ್ದಾಗಿ ಕಾಣುತ್ತವೆ. ಕಾಲುವೆಯ ಕೂಲಿಯವನು ಇಂದು ಬದುಕಿದ್ದರೆ ತನ್ನದೇ ಮನೆಯ ಒಂದು ರಾತ್ರಿಯ ಬಾಡಿಗೆಯನ್ನು ಕೊಡಲು ಹಿಂದೆಮುಂದೆ ನೋಡಬೇಕಿತ್ತು. ಬಾಡಿಗೆ ಇಲ್ಲದಿದ್ದರೆ ಮನೆಯೇ ಉಳಿಯುತ್ತಿರಲಿಲ್ಲ ಎಂಬ ಸಮಜಾಯಿಷಿಯಲ್ಲಿ ಸತ್ಯವಿದೆ, ಅದನ್ನು ನಾವು ಒಪ್ಪುತ್ತೇವೆ. ಆದರೆ ಗೋಡೆ ಮತ್ತು ಮಾಡು ಉಳಿದರೆ ಚರಿತ್ರೆ ಉಳಿದಂತಾಗಲಿಲ್ಲ.

2015ರಲ್ಲಿ, ಸಂಸ್ಥೆಯ 50ನೇ ವರ್ಷದ ನೆನಪಿಗಾಗಿ ಖ್ಯಾತ ಶಿಲ್ಪಿ ಆಂಟನಿ ಗೋರ್ಮ್ಲಿ ಬ್ರಿಟನ್ನಿನ ಐದು ಕಡೆ ಆಳೆತ್ತರದ ಎರಕದ ಕಬ್ಬಿಣದ ಮನುಷ್ಯಾಕೃತಿಗಳನ್ನು ನಿಲ್ಲಿಸಿದರು. ಅದರಲ್ಲಿ ಒಂದು ಈ ಮನೆಯ ಪಕ್ಕದ ಲಾಕಿನ ಬಳಿ ತಲೆತಗ್ಗಿಸಿ ನಿಂತಿತ್ತು. ಜನ ದೂರದಿಂದ ಬಂದು ನೋಡಿದರು. ಒಂದು ವರ್ಷದ ನಂತರ ಅದನ್ನು ತೆಗೆಯಲಾಯಿತು. ಕಲೆಯ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಮನೆಯ ಬಳಿ ಮನುಷ್ಯನನ್ನು ಕಾಣಲು ಕಬ್ಬಿಣದ ಮೂರ್ತಿಯೇ ಬೇಕಿತ್ತೇ? ತಲೆಯೆತ್ತಿ ಮಾಡನ್ನು ನೋಡಿದರೆ ಅಲ್ಲಿ ಪ್ರತಿ ಇಟ್ಟಿಗೆಯ ಸಾಲಿನಲ್ಲಿ ಒಬ್ಬ ಮನುಷ್ಯನ ಕೈ ಮತ್ತು ಬುದ್ಧಿ ಕಾಣುತ್ತದೆ.

ಇಷ್ಟೆಲ್ಲ ಹೇಳಿ ನಾವು ಕೇಳುವುದು ಸಣ್ಣ ತಿದ್ದುಪಡಿ. ಬಂದವರಿಗೆ ಹೇಳುವ ಕಥೆ ಬದಲಾಗಲಿ. ‘ಇವರಿಗೆ ಸೇತುವೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ’ ಎನ್ನುವ ಬದಲು, ‘ಮರ ದುಬಾರಿಯಾದಾಗ ಸೇತುವೆಯ ವಿದ್ಯೆಯಿಂದ ಮನೆ ಕಟ್ಟಬಹುದೆಂದು ಇವರಿಗೆ ಗೊತ್ತಿತ್ತು’ ಎನ್ನಲಿ. ಮನೆ ಅದೇ ಇರುತ್ತದೆ, ಕಟ್ಟಿದವರಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ. ಇದು ಇಂಗ್ಲೆಂಡಿಗೆ ಮಾತ್ರ ಹೇಳುವ ಮಾತಲ್ಲ. ನಮ್ಮ ಊರುಗಳ ಹಳೆಯ ಕೆರೆ, ಮಸೀದಿ, ಸೇತುವೆ, ಬಾವಿಗಳ ಬಗ್ಗೆ ಮಕ್ಕಳಿಗೆ ಹೇಳುವಾಗ ಕಟ್ಟಿಸಿದವರು ಯಾರು ಎಂಬುದರ ಜೊತೆಗೆ ಕಟ್ಟಿದವರಿಗೆ ಏನೇನು ತಿಳಿದಿತ್ತು ಎಂಬುದನ್ನೂ ಹೇಳುವ ಅಭ್ಯಾಸ ಆಗಬೇಕು.